ಬೋರ್ಡಿಗೊಂದು ಹೆಸರು

"ಹೆಸರು ಬೇಗ ಹೇಳ್ರೀ, ಡಬ್ಬಿಯಲ್ಲೇ ಬಣ್ಣ ಒಣಗ್ತಾ ಇದೆ!" ಬೋರ್ಡು ಬರೆಯುವವನು ಏಣಿಯ ಮೇಲಿಂದ ಕೂಗಿದ. ಹೊಸ ಊಟದ ಮನೆಯ ಬಾಗಿಲ ಮೇಲೆ ಹಳದಿ ಬಳಿದ ತಗಡು ಬೆಳಗಿನಿಂದ ಬೋಳಾಗಿ ನಿಂತಿತ್ತು. ಏಣಿಯ ಕೆಳಗೆ ಅಪ್ಪ, ಕಂಕುಳಲ್ಲಿ ಹೆಸರುಗಳ ದಪ್ಪ ಪುಸ್ತಕ. ಒಳಗೆ ಒಲೆಯ ಮುಂದೆ ಕೊನೆಯ ಮಗಳು. ನಾಳೆ ಬಾಗಿಲು ತೆರೆಯಬೇಕು. ರುಚಿ ನೋಡಲೆಂದು ಅಡುಗೆ ಮಾಡಿ ಆಗಲೇ ಮುಗಿದಿತ್ತು, ಹೆಸರಿನ ರಗಳೆ ಮಾತ್ರ ಮುಗಿದಿರಲಿಲ್ಲ.

ಅಪ್ಪನಿಗೆ ಹೆಸರೆಂದರೆ ಹುಚ್ಚು. ಬೀದಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಹೆಸರು ಕೇಳಿಕೊಂಡು ಜನ ಅಪ್ಪನ ಹತ್ತಿರವೇ ಬರುತ್ತಿದ್ದರು. "ಇದು ಮರಳುಗಾಡಿನವರ ಭಾಷೆಯದು, ಬೆಳದಿಂಗಳು ಅಂತ ಅರ್ಥ. ಇದು ಹಿಮದ ನಾಡಿನದು, ಕರಡಿಯಂಥ ಗಟ್ಟಿಗ ಅಂತ ಅರ್ಥ" ಎಂದು ಅಪ್ಪ ಊಟ ತಿಂಡಿ ಮರೆತು ವಿವರಿಸುತ್ತಿದ್ದರು. ದೊಡ್ಡ ಮಗಳಿಗೆ ಬೆಳಕು ಎಂಬ ಅರ್ಥದ ಹೆಸರು, ಎರಡನೆಯವಳಿಗೆ ಕಡಲಾಚೆಯಿಂದ ತಂದ ಮುತ್ತು, ಮೂರನೆಯವಳಿಗೆ ಗೆಲುವು. ನಾಲ್ಕನೆಯದೂ ಹೆಣ್ಣೆಂದು ತಿಳಿದಾಗ ಮಾತ್ರ ಪುಸ್ತಕ ಪಟ್ಟನೆ ಮುಚ್ಚಿಕೊಂಡಿತು. ಆಸ್ಪತ್ರೆಯ ನರ್ಸು ಬಾಗಿಲಿಗೆ ಬಂದು, "ಮಗುವಿಗೆ ಹೆಸರೇನು?" ಎಂದು ಕೇಳಿದಳು. ಅಪ್ಪ ಕೈ ಅಡ್ಡ ಹಿಡಿದು, "ಸಾಕು!" ಎಂದರು. ನರ್ಸು ಅದನ್ನೇ ಬರೆದುಕೊಂಡಳು.

ತಿದ್ದಿಸಬಹುದಿತ್ತು, ತಿದ್ದಿಸಲಿಲ್ಲ. ಶಾಲೆಯಲ್ಲಿ ಹಾಜರಿ ಕೂಗಿದಾಗಲೆಲ್ಲ ಹುಡುಗರು, "ಸಾಕು ಅಂದ್ರಲ್ಲ ಸಾರ್, ನಿಲ್ಲಿಸಿಬಿಡಿ" ಎಂದು ಬಿದ್ದು ಬಿದ್ದು ನಗುತ್ತಿದ್ದರು. ಊರೆಲ್ಲ ಅವಳನ್ನು ಸಾಕು ಎಂದೇ ಕರೆಯಿತು, ಅಪ್ಪನೊಬ್ಬರನ್ನು ಬಿಟ್ಟು. ಅವರ ಬಾಯಲ್ಲಿ ಅವಳು 'ಇವಳೇ', 'ಮಗು', ಬಹಳ ಪ್ರೀತಿ ಉಕ್ಕಿದರೆ 'ಪುಟ್ಟಿ'. ಆ ಹೆಸರನ್ನು ನಾಲಗೆಗೆ ತಂದುಕೊಳ್ಳಲು ಅಪ್ಪನಿಗೆ ಮುಖವಿಲ್ಲವೆಂಬುದು ಸಾಕುಗೆ ಗೊತ್ತಿತ್ತು. ಗೊತ್ತಿದ್ದರೇನು, ನೋವು ನೋವೇ. ತನ್ನ ಹೆಸರನ್ನು ಅಪ್ಪನ ಬಾಯಿಂದ ಒಂದು ಸಲ ಕೇಳಬೇಕೆಂಬ ಆಸೆ ಇಷ್ಟು ವಯಸ್ಸಾದರೂ ಹೋಗಿರಲಿಲ್ಲ.

"ಇದು ನೋಡು ಪುಟ್ಟಿ, ಯಾವುದೋ ದ್ವೀಪದವರ ಹೆಸರು. ತುಂಬಿದ ಕಣಜ ಅಂತ ಅರ್ಥ. ಊಟದ ಮನೆಗೆ ಹೇಳಿ ಮಾಡಿಸಿದ ಹಾಗಿದೆ," ಅಪ್ಪ ಪುಟದ ಮೇಲೆ ಬೆರಳಿಟ್ಟು ಒಳಗೆ ಬಂದರು.

"ನನ್ನ ಹೆಸರೇ ಬರೀಲಿ ಅಪ್ಪ."

"ಅದನ್ನ ನೋಡಿದ್ರೆ ಬರೋ ಗಿರಾಕಿ ಬಾಗಿಲಲ್ಲೇ ವಾಪಸ್ ಹೋಗ್ತಾನೆ ಕಣಮ್ಮ!"

ಏಣಿಯ ಮೇಲಿದ್ದವನು ಬಗ್ಗಿ ಇಣುಕಿದ. "ಬರೆದ್ರೆ ಏನಾಯ್ತು ಯಜಮಾನ್ರೇ? ನಮ್ಮ ಭಾಷೇಲಿ ನನ್ನ ಹೆಸರಿಗೆ ಕಸ ಅಂತ ಅರ್ಥ. ಮುಂಚೆ ಹುಟ್ಟಿದ ಮಕ್ಕಳು ಉಳೀಲಿಲ್ಲ, ಇವನ ಮೇಲಾದ್ರೂ ಕೆಟ್ಟ ಕಣ್ಣು ಬೀಳದೇ ಇರಲಿ ಅಂತ ನಮ್ಮಮ್ಮ ಇಟ್ಟಳು. ಈಗ ಈ ಊರಿನ ಅರ್ಧ ಬೋರ್ಡುಗಳ ಮೂಲೇಲಿ ಆ ಕಸಾನೇ ಸಹಿ ಹಾಕಿಕೊಂಡು ಮೆರೀತಾ ಇದೆ!"

"ನಿಮಗೆ ಪ್ರೀತಿಯಿಂದ ಇಟ್ರು ಬಿಡಿ," ಎಂದಳು ಸಾಕು.

ಆ ಮಾತು ಅಪ್ಪನಿಗೆ ನಾಟಿತು. ಅವರು ಪುಸ್ತಕದ ಅಂಚು ಸವರುತ್ತ, "ಆ ಪದಕ್ಕೆ ಸಲಹು, ಪೋಷಿಸು ಅಂತಾನೂ ಅರ್ಥ ಇದೆಯಮ್ಮ," ಎಂದು ಮೆಲ್ಲಗೆ ಹೇಳಿದರು.

"ಆವತ್ತು ನರ್ಸಿಗೆ ಆ ಅರ್ಥದಲ್ಲೇ ಹೇಳಿದ್ರಾ?"

ಅಪ್ಪ ಪುಸ್ತಕ ಮುಚ್ಚಿ ತಲೆ ತಗ್ಗಿಸಿದರು. ಅವರ ಮುಖ ನೋಡಿ ಸಾಕುಗೆ ಅಯ್ಯೋ ಅನ್ನಿಸಿತು. ಆದರೆ ಹಟ ಬಿಡಲಿಲ್ಲ. "ಬೆಳಗಿನಿಂದ ಏನೂ ತಿಂದಿಲ್ಲ ನೀವು. ಬನ್ನಿ, ಈ ಅಂಗಡಿಯ ಮೊದಲನೇ ಊಟ ನಿಮ್ಮದೇ," ಎಂದು ಕುರ್ಚಿ ಎಳೆದಳು.

ತಟ್ಟೆಗೆ ಬಿಸಿ ಅನ್ನ ಬಿತ್ತು, ಪಕ್ಕದಲ್ಲಿ ಬದನೆಕಾಯಿ ಪಲ್ಯ. ಅಪ್ಪ ಮೊದಲ ತುತ್ತನ್ನು ಸಂಕೋಚದಿಂದ ಇಟ್ಟುಕೊಂಡರು, ಎರಡನೆಯದನ್ನು ಕಣ್ಣು ಮುಚ್ಚಿ ನುಂಗಿದರು, ಆಮೇಲೆ ಪುಸ್ತಕವನ್ನು ಪಕ್ಕದ ಕುರ್ಚಿಗೆ ತಳ್ಳಿ ಎರಡೂ ಮೊಣಕೈ ಮೇಜಿಗೂರಿ ಕೂತರು. ಸಾಕು ಬಡಿಸಿದಳು. ಖಾಲಿಯಾಯಿತು. ಮತ್ತೆ ಬಡಿಸಿದಳು. ಅದೂ ಖಾಲಿ. ಅಪ್ಪ ಬೆವರೊರೆಸಿಕೊಂಡು ಉಸ್ಸೆಂದು ಬೆನ್ನು ಒರಗಿಸಿದರು. ಅವಳು ಮತ್ತೊಂದು ಸೌಟು ತುಂಬಿಕೊಂಡು ಬಗ್ಗಿದ್ದೇ ತಡ, ತಟ್ಟೆಗೆ ಕೈ ಅಡ್ಡ ಹಿಡಿದು ಕೂಗಿಯೇಬಿಟ್ಟರು:

"ಸಾಕು!"

"ಕರೆದ್ರಾ ಅಪ್ಪ?" ಎಂದಳು ಸಾಕು.

ಹೊರಗೆ ಏಣಿಯ ಮೇಲಿದ್ದವನು ಗೊಳ್ಳೆಂದು ನಕ್ಕ. ಅಪ್ಪ ಅಡ್ಡ ಹಿಡಿದ ತಮ್ಮ ಕೈಯನ್ನೇ ನೋಡಿದರು. ಅಂದು ಆಸ್ಪತ್ರೆಯ ಬಾಗಿಲಲ್ಲಿ ಎತ್ತಿದ್ದೂ ಅದೇ ಕೈ, ಆಡಿದ್ದೂ ಅದೇ ಮಾತು. ಅವರ ಕಣ್ಣು ತುಂಬಿ ಬಂತು.

ಸಾಕು ಸೌಟು ಹಿಡಿದೇ ಬಾಗಿಲಿಗೆ ಬಂದಳು. ಅವಳ ಕಣ್ಣೂ ಒದ್ದೆಯಾಗಿತ್ತು, ಆದರೆ ದನಿ ಬೀದಿಗೆಲ್ಲ ಕೇಳುವಂತಿತ್ತು. "ಬರೀರಿ ಅಣ್ಣಾ, ಎರಡೇ ಅಕ್ಷರ. ಆಚೆ ರಸ್ತೆಗೂ ಕಾಣಬೇಕು. ಇಲ್ಲಿ ಉಣ್ಣೋಕೆ ಬಂದವರೆಲ್ಲ ಏಳೋ ಮುಂಚೆ ನನ್ನ ಹೆಸರು ಹೇಳೇ ಏಳಬೇಕು!"

ತಗಡಿನ ಮೇಲೆ ಕುಂಚ ಸರಸರ ಓಡತೊಡಗಿತು. ಸಾಕು ತಲೆಯೆತ್ತಿ ನೋಡುತ್ತ ನಿಂತಳು. 'ಸಾ' ಮುಗಿದು 'ಕು' ಶುರುವಾಗುವಾಗ ಬೆನ್ನ ಹಿಂದೆ ಕುರ್ಚಿ ಸರಿದ ಸದ್ದಾಯಿತು, ಯಾರೋ ಗಂಟಲು ಸರಿಮಾಡಿಕೊಂಡರು. ಅಪ್ಪ ತಟ್ಟೆಯ ಮೇಲಿಂದ ಕೈ ತೆಗೆದಿದ್ದರು.

"ಸಾಕೂ," ಎಂದು ಕರೆದರು, "ಇನ್ನೊಂದು ಸೌಟು ಹಾಕಮ್ಮ."