ಬಿಲದ ರಾಣಿ

ಬೆನ್ನಿಗೆ ಕೋಲಿನ ತುದಿ ತಿವಿದಾಗ ಕಟುಂಗೆ ಗುದ್ದಲಿ ಎತ್ತಿದ್ದಳಷ್ಟೇ. "ಅಗಿ. ಇನ್ನೂ ಅರ್ಧ ಸಾಲು ಗೆಣಸಿದೆ," ಎಂದಳು ಸ್ಯೋಕಾವು, ತನ್ನ ಅತ್ತೆ ಬಿಟ್ಟುಹೋದ ಆ ಕೋಲನ್ನು ಊರಿಕೊಂಡು. ಕಟುಂಗೆ ಹಲ್ಲು ಕಚ್ಚಿ ಅಗೆದಳು. ಮಕ್ಕಳಿಲ್ಲದ ಸ್ಯೋಕಾವು, ಗಂಡ ಸತ್ತ ಮೇಲೆ ಮನೆಯ ಹೆಸರು ಉಳಿಯಲೆಂದು ಆಡುಗಳನ್ನು ಕೊಟ್ಟು ಮದುವೆಯಾಗಿ ತಂದ ಹೆಂಡತಿ ಇವಳು. ಕೀನ್ಯಾದ ಕಂಬಾ ಜನರಲ್ಲಿ ಹೆಂಗಸು ಹೆಂಗಸನ್ನು ಹೀಗೆ ಮದುವೆಯಾಗುವುದೇನು ಹೊಸದಲ್ಲ. ಹೆರುವವಳು ಕಿರಿಯಳು, ಮಕ್ಕಳು ಹಿರಿಯಳ ಮನೆಗೆ. ಸ್ಯೋಕಾವು ಗೊತ್ತುಮಾಡಿದ ಗಂಡಸು ಮೂರು ವರ್ಷದಿಂದ ಬಂದುಹೋಗುತ್ತಿದ್ದರೂ ಕಟುಂಗೆಯ ಮಡಿಲು ತುಂಬಿರಲಿಲ್ಲ.

ಕಿತ್ತ ಗೆಣಸನ್ನು ಕಟುಂಗೆ ಮುರಿದಳು. ನೆಲದಡಿ ಸುರಂಗ ಕೊರೆದು ಬದುಕುವ, ಮೈಮೇಲೆ ಕೂದಲಿಲ್ಲದ ಬೋಳಿಲಿಗಳು ಒಳಗಿನದನ್ನೆಲ್ಲ ತಿಂದು ಮಣ್ಣು ತುಂಬಿಟ್ಟಿದ್ದವು.

"ನಿನ್ನ ಹಾಗೇ," ಎಂದಳು ಸ್ಯೋಕಾವು. "ಹೊರಗೆ ಗಟ್ಟಿಮುಟ್ಟು, ಒಳಗೆ ಬರೀ ಮಣ್ಣು. ಶನಿವಾರ ಹಿರಿಯರು ಬರ್ತಾರೆ. ಬಂಜೆ ಅಂತ ಅವರೆದುರಿಗೇ ಹೇಳಿ ತವರಿಗೆ ಅಟ್ತೀನಿ. ಬೇರೆ ಹುಡುಗೀನ ನೋಡಿಟ್ಟಿದೀನಿ."

"ಮೆಲ್ಲಗೆ ಮಾತಾಡಿ ಅಜ್ಜಿ, ಒಳಗಿರೋವು ಓಡಿಹೋಗ್ತವೆ," ಎಂದು ಮುಥೆಂಗಿ ಪಿಸುಗುಟ್ಟಿದ. ನೈರೋಬಿಯ ಪ್ರಯೋಗಾಲಯಕ್ಕೆ ಬೋಳಿಲಿ ಹಿಡಿದುಕೊಡುವವನು ಅವನು. ಬೆಳಗಿನಿಂದ ಬಿಲದ ಬಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಇಲಿ ಬಾಲ ಹೊರಗೆ ಮಾಡಿ ಹಿಂಗಾಲಿನಿಂದ ಮಣ್ಣು ಚಿಮ್ಮುವಾಗ ಹಿಂದಿನ ಸುರಂಗಕ್ಕೆ ಗುದ್ದಲಿ ಇಳಿಸಿ ದಾರಿ ಕಡಿಯುವುದು ಅವನ ಕಸುಬು. ಬಕೆಟ್ಟಿನಲ್ಲಿ ಮೂವತ್ತೋ ನಲವತ್ತೋ ಸುಕ್ಕುಚರ್ಮದ ಜೀವಗಳು ಒಂದರ ಮೇಲೊಂದು ಹರಿದಾಡುತ್ತಿದ್ದವು. ಗುದ್ದಲಿ ಮತ್ತೊಮ್ಮೆ ಇಳಿಯಿತು. ಈ ಸಲ ಕೈಗೆ ಬಂದದ್ದು ಉದ್ದ ಮೈಯ, ಹೊಟ್ಟೆಯ ಉದ್ದಕ್ಕೂ ಮೊಲೆಗಳ ಸಾಲಿದ್ದ ಹೆಣ್ಣು.

"ಸಿಕ್ಕಳು ಮಹಾರಾಣಿ," ಎಂದು ಮುಥೆಂಗಿ ನಕ್ಕ. "ಇಡೀ ಬಿಲಕ್ಕೆ ಹೆರೋಳು ಇವಳೊಬ್ಬಳೇ."

"ಹಾಗಾದ್ರೆ ಬಕೆಟ್ಟಲ್ಲಿರೋ ಬೇರೆ ಹೆಣ್ಣುಗಳೆಲ್ಲ ಬಂಜೆಗಳಾ, ಮುಥೆಂಗಿಯಣ್ಣ?" ಎಂದು ಕಟುಂಗೆ ಕೇಳಿದಳು.

"ಬಂಜೆ ಎಲ್ಲಿ ಬಂತು? ಇವಳು ದಿನವಿಡೀ ಅವುಗಳನ್ನ ಮೂತಿಯಿಂದ ತಳ್ತಾನೇ ಇರ್ತಾಳೆ. ಅಗಿ, ಹೊರು, ನನ್ನ ಮರಿ ನೋಡ್ಕೋ. ಆ ಕಾಟಕ್ಕೇ ಅವು ಬಸಿರಾಗಲ್ಲ. ಒಂದನ್ನ ಬೇರೆ ಡಬ್ಬಿಗೆ ಹಾಕಿಡು, ಎಂಟು ದಿನದಲ್ಲಿ ಅದರ ಮೈ ಸರಿಹೋಗುತ್ತೆ. ಇವಳೂ ಒಂದು ಕಾಲಕ್ಕೆ ತಳ್ಳಿಸಿಕೊಂಡವಳೇ. ಹಳೇ ರಾಣಿ ಸತ್ತಳು, ಇವಳು ಕಚ್ಚಾಡಿ ಗೆದ್ದಳು, ತಾನೂ ತಳ್ಳೋಕೆ ನಿಂತಳು."

ಕಟುಂಗೆಗೆ ಮೈಯೆಲ್ಲ ಉರಿಯಿತು. ಮೂರು ವರ್ಷ ಕೋಳಿ ಕೂಗುವ ಮೊದಲು ಎದ್ದು ನೀರು ಹೊತ್ತದ್ದು, ಮೆಕ್ಕೆಜೋಳ ಕುಟ್ಟಿದ್ದು, ಕುಳಿತು ಒಂದು ತುತ್ತು ನೆಮ್ಮದಿಯಾಗಿ ಉಣ್ಣದೇ ಹೋದದ್ದು ಎಲ್ಲ ನೆನಪಾಯಿತು. ಅಷ್ಟರಲ್ಲಿ ಮತ್ತೆ ಕೋಲು ಬೆನ್ನಿಗೆ ತಿವಿಯಿತು.

"ಇಲಿ ಪುರಾಣ ಸಾಕು. ಅಗಿ."

ಕಟುಂಗೆ ಗರಕ್ಕನೆ ತಿರುಗಿ ಕೋಲಿನ ತುದಿ ಹಿಡಿದುಕೊಂಡಳು. ಸ್ಯೋಕಾವು ಎಳೆದಳು. ಅದು ಬರಲಿಲ್ಲ.

"ಶನಿವಾರದ ತನಕ ಯಾಕೆ, ಈಗಲೇ ಹೊರಟೆ. ಬಂಜೆ ಅನ್ನಿಸಿಕೊಂಡು ಹೋಗಲ್ಲ, ನಾನಾಗಿ ಹೋಗ್ತೀನಿ. ನಿಮ್ಮ ಹಿರಿಯರಿಗೆ ಹಾಗೇ ಹೇಳಿ." ಅವಳು ಕೋಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ಈ ಕೋಲು ನಿಮ್ಮತ್ತೆದಲ್ವಾ? ನಿಮ್ಮನ್ನ ಮೊದಲು ಬಂಜೆ ಅಂದವರೂ ಅವರೇ ಅಲ್ವಾ?"

ಕಟುಂಗೆ ಕೋಲು ಬಿಟ್ಟಳು, ಗುದ್ದಲಿಯನ್ನು ಮುದುಕಿಯ ಕಾಲ ಬಳಿ ಇಟ್ಟು ಹೊಲದ ಬೇಲಿ ದಾಟಿದಳು.

ಕೋಲು ಹಿಡಿದ ಮುದುಕಿಯ ಕೈ ಹಿಡಿದಂತೆಯೇ ಇತ್ತು. ಇನ್ನೊಂದು ಕೈ ತಾನಾಗಿಯೇ ಹಿಂದಕ್ಕೆ ಹೋಗಿ, ಅವಳದೇ ಬೆನ್ನಿನ ಮೇಲೆ ಏನನ್ನೋ ತಡಕಾಡುತ್ತಿತ್ತು.