ಧಾರೆ ಸೀರೆಯ ಹಾಸು

ಮೊದಲ ಎಳೆ ಹರಿದಾಗ ಪರ್ವತಯ್ಯ ನಕ್ಕುಬಿಟ್ಟ. ಮಗ್ಗಕ್ಕೇರಿಸುವ ಮೊದಲು ಬಯಲಿನ ಉದ್ದಕ್ಕೂ ಬಿಗಿದು ಕಟ್ಟಿದ ಹಾಸುನೂಲಿಗೆ ಗಂಜಿ ಹಚ್ಚಿ ಕುಂಚ ಎಳೆಯುವಾಗ ಒಂದೆರಡು ಎಳೆ ಹರಿಯುವುದು ಇದ್ದದ್ದೇ. ಅಷ್ಟಕ್ಕೆಲ್ಲ ಮುಖ ಹುಳ್ಳಗೆ ಮಾಡಿಕೊಂಡರೆ ನೇಕಾರ ಬದುಕಿದ ಹಾಗೇ. ಎರಡನೆಯದೂ ಹರಿಯಿತು, ಮೂರನೆಯದೂ ಹರಿಯಿತು. ಆಮೇಲೆ ಎಣಿಸುವುದಕ್ಕೆ ಪುರಸೊತ್ತು ಸಿಗಲಿಲ್ಲ. ಎದುರಿಗೆ ಕುಂಚ ಹಿಡಿದಿದ್ದ ಪಕ್ಕದ ಮನೆಯ ಕರೀಮ್ ಸಾಬ್ ಕೈ ನಿಲ್ಲಿಸಿದ.

"ಪರ್ವತಯ್ಯನೋರೆ, ಗಂಜಿ ಆಗ್ಲೇ ಕಟ್ಕೊಂಡ್ಬುಡ್ತು ಕಣ್ರೀ. ಕುಂಚ ಎಳದ್ರೆ ನೂಲೇ ಕಿತ್ಕೊಂಡ್ ಬತ್ತೈತೆ."

"ಹೊತ್ತು ಇನ್ನೂ ನೆತ್ತಿಗೇರಿಲ್ಲ, ಅದೆಂಗ್ ಒಣಗ್ತೈತೆ ಸಾಬ್ರೆ? ನೀವು ಕೈ ಆಡಿಸಿ, ನಿಲ್ಲಿಸ್ಬ್ಯಾಡಿ."

ಅದೇನು ಸಂತೆಗೆ ಹೋಗುವ ಪಂಚೆಯ ಹಾಸಲ್ಲ. ಕಿರಿಯ ಮಗಳು ಜಗದಾಂಬಳ ಧಾರೆ ಸೀರೆಯದು. ಆ ಬೀದಿಯ ನೇಕಾರರ ಹೆಣ್ಣುಮಕ್ಕಳು ಧಾರೆಗೆ ನಿಲ್ಲುವುದು ಅಪ್ಪನ ಮಗ್ಗದಲ್ಲಿ ನೇಯ್ದ ಸೀರೆಯಲ್ಲೇ. ಮಗಳಿಗೆ ಅಂಗಡಿ ಸೀರೆ ಉಡಿಸಿದವನನ್ನು ಬೀಗರು ಜನ್ಮವಿಡೀ ಆಡಿಕೊಳ್ಳುತ್ತಾರೆ. ಕೂದಲಿಗಿಂತ ಸಣ್ಣ ನೂಲನ್ನು ಪರ್ವತಯ್ಯ ಸಿರಾ ಪೇಟೆಯಲ್ಲಿ ಕಾಡಿ ಬೇಡಿ ಹೊಂದಿಸಿ ತಂದಿದ್ದ. ಇನ್ನೊಂದು ಹಾಸಿಗಾಗುವಷ್ಟು ನೂಲು ಬೇಕೆಂದರೂ ಮದುವೆಯೊಳಗೆ ಸಿಗುವಂತಿರಲಿಲ್ಲ.

ದೊಡ್ಡ ಮಗಳ ಸೀರೆಯ ಕಥೆ ಇನ್ನೂ ಅವನ ಹೊಟ್ಟೆ ಉರಿಸುತ್ತಿತ್ತು. ಆಗ ಇದೇ ಜಾಗದಲ್ಲಿ ತೋಪಿತ್ತು. ಹುಣಸೆ, ಹೊಂಗೆ, ಬೇವು, ಅವುಗಳ ಬುಡದಲ್ಲಿ ಆಳೆತ್ತರದ ಲಕ್ಕಿ ಗಿಡಗಳು. ತಾತನ ಕಾಲದಿಂದ ಬೀದಿಯವರೆಲ್ಲ ಅದರೊಳಗೇ ಹಾಸು ಕಟ್ಟುತ್ತಿದ್ದರು. ಅವತ್ತು ಮರದ ಬಾವಲಿಗಳು ಸರಿಯಾಗಿ ನೂಲಿನ ಮೇಲೆ ಹಿಕ್ಕೆ ಹಾಕಿ, ಆ ಹುಡುಗಿ ಕಂದು ಕಲೆಯನ್ನು ನೆರಿಗೆಯಲ್ಲಿ ಮುಚ್ಚಿಕೊಂಡು ಹಸೆಗೆ ಕೂರಬೇಕಾಯಿತು. ಕಿರಿಯವಳಿಗೂ ಹಾಗಾಗಬಾರದು ಎಂದು ಪರ್ವತಯ್ಯ ಊರಿನ ಹಿರಿಯರ ಬೆನ್ನು ಬಿದ್ದು ತೋಪನ್ನು ಹರಾಜು ಹಾಕಿಸಿದ. ನಯಾಪೈಸೆ ಬಂದ ಮರುವರ್ಷ ಅದು. ಇದ್ದಿಲು ಸುಡುವವರು ಬಂದು ಗಿಡ ಸಹಿತ ಬೋಳಿಸಿಕೊಂಡು ಹೋದರು. ಚಳಿಗಾಲದಲ್ಲಿ ಅಲ್ಲಿ ಹಾಸಿದ ನೂಲೆಲ್ಲ ಹದವಾಗಿ, ಬೇಗ ಒಣಗಿ, ಬೀದಿಯೇ ಅವನಿಗೆ ಭೇಷ್ ಎಂದಿತ್ತು. ಈಗ ಮಾಘ ಕಳೆದು ಬೋಳು ಗುಡ್ಡದ ಕಡೆಯಿಂದ ಒಣಗಾಳಿ ಬೀಸಲು ಹತ್ತಿತ್ತು. ಬೇಸಿಗೆಯ ಮೊದಲ ಹಾಸು ಇದೇ.

"ನೀರು ಚಿಮುಕಿಸು ಕಣಮ್ಮ," ಎಂದ ಪರ್ವತಯ್ಯ. ಜಗದಾಂಬ ಬಿಂದಿಗೆ ತಂದು ಚಿಮುಕಿಸಿದಳು. ನೀರು ಬಿದ್ದಲ್ಲಿ ಗಂಜಿ ಒಂದು ಗಳಿಗೆ ಕರಗಿ ಮತ್ತೆ ಗಟ್ಟಿಯಾಯಿತು. ಪಕ್ಕದ ಎಳೆಗಳು ಒಂದಕ್ಕೊಂದು ಅಂಟಿಕೊಂಡವು. ಪರ್ವತಯ್ಯ ಕುಂಚ ಕೆಳಗಿಟ್ಟು ಕೂಗಿದ. "ನೆರಳು ಬೇಕು ಸಾಬ್ರೆ, ನೆರಳು. ಎಲ್ರನ್ನೂ ಕರೀರಿ."

ಬೀದಿಗೆ ಬೀದಿಯೇ ಓಡಿ ಬಂತು. ಕಂಬಳಿ, ದುಪ್ಪಟಿ, ಹಳೆ ಸೀರೆ, ಕೈಗೆ ಸಿಕ್ಕಿದ್ದನ್ನು ತಂದರು. ಕರೀಮ್ ಸಾಬನ ಹೆಂಡತಿ ಅಮೀರ್ ಬಿ ಮನೆಯ ಜಮಖಾನವನ್ನೇ ಎಳೆದು ತಂದಳು. ಆಚೆಗೊಬ್ಬರು ಈಚೆಗೊಬ್ಬರು ಕೈಯೆತ್ತಿ ಹಿಡಿದು, ಹಾಸಿನ ಈ ತುದಿಯಿಂದ ಆ ತುದಿವರೆಗೆ ಬಿಸಿಲು ತಾಗದಂತೆ ಚಪ್ಪರವಾದರು. ಗಾಳಿ ಬರುವ ಕಡೆಗೂ ಅಡ್ಡ ಕಟ್ಟಿದರು. ಪರ್ವತಯ್ಯನಿಗೆ ಹೋದ ಜೀವ ಬಂದಂತಾಗಿ ಹೊಸ ಗಂಜಿಯಲ್ಲಿ ಕುಂಚ ಅದ್ದಿದ.

ಎರಡು ಸಲ ಎಳೆದ. ಮೂರನೆಯ ಸಲ ಕುಂಚಕ್ಕೆ ಗಂಜಿ ಹೊಟ್ಟಾಗಿ ಉದುರಿತು. ಕಂಬಳಿಯ ಕೆಳಗೆ ಬಗ್ಗಿ ನೋಡಿದ. ಒಳಗೆ ಝಳ. ನೆಲ ಕಾದ ಹೆಂಚಿನಂತೆ ಕೈ ಸುಟ್ಟಿತು. ತೋಪಿದ್ದಾಗ ಬಿರುಬೇಸಿಗೆಯಲ್ಲೂ ಹಚ್ಚಿದ ಗಂಜಿ ಮಧ್ಯಾಹ್ನದವರೆಗೆ ಹಸಿಯಾಗಿಯೇ ಇರುತ್ತಿತ್ತು. ಹಾಳು ಮರ, ಒಣಗಲು ಬಿಡುವುದಿಲ್ಲ ಎಂದು ಅವನೇ ಎಷ್ಟು ಸಲ ಬೈದಿದ್ದ.

"ಸಾಬ್ರೆ, ನೆರಳು ಬಂತು. ತಂಪು ಯಾಕ್ ಬರ್ಲಿಲ್ಲ?"

ಕರೀಮ್ ಸಾಬ್ ಜನ ಮೇಲೆತ್ತಿ ಹಿಡಿದಿದ್ದ ಕಂಬಳಿಯನ್ನೊಮ್ಮೆ ತಲೆಯೆತ್ತಿ ನೋಡಿದ. "ಇದು ಸತ್ತ ಉಣ್ಣೆ ಅಲ್ವರಾ. ಆ ಮರಗೋಳು ಬೇರಿಂದ ನೀರ್ ಎಳ್ಕಂಡು ಎಲೇನಾಗೆ ಬಿಡ್ತಿದ್ವೇನೋ. ನಂಗೇನ್ ಗೊತ್ತು."

ಅಷ್ಟರಲ್ಲಿ ನಡುಭಾಗ ಒಟ್ಟಿಗೇ ಪಟಪಟನೆ ಹರಿದು, ಹಾಸು ಸೋತು ಮಣ್ಣಿನ ಮೇಲೆ ಬಿತ್ತು. ಕಂಬಳಿ ಹಿಡಿದವರು ಹಿಡಿದ ಹಾಗೇ ನಿಂತಿದ್ದರು. ಜಗದಾಂಬ ಕೂತು ಹರಿದ ನೂಲನ್ನು ಮಡಿಲಿಗೆ ಬಳಿದುಕೊಂಡಳು. ಅಪ್ಪನ ಮುಖ ನೋಡಿ ಅವಳಿಗೇ ಸಂಕಟವಾಯಿತು.

"ಹೋಗ್ಲಿ ಬುಡಪ್ಪಯ್ಯ. ಅಂಗಡೀದೇ ಉಟ್ಕೋತೀನಿ," ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು, "ನಾ ಹೋಗೋ ಮನೇಲೂ ಮಗ್ಗಾನೇ ಅಲ್ವಾ. ಆ ಊರ್ನಾಗಾದ್ರೂ ತೋಪು ಐತಾ?"

ಪರ್ವತಯ್ಯ ಬಗ್ಗಿ ಅವಳ ಜೊತೆ ಹರಿದ ನೂಲು ಆಯತೊಡಗಿದ. ಹೋದ ತಿಂಗಳು ಮದುವೆ ಮಾತಿಗೆ ಬಂದಿದ್ದ ಕೊರಟಗೆರೆ ಕಡೆಯ ಬೀಗರು ಈ ಬಯಲು ನೋಡಿ ಮೆಚ್ಚಿಕೊಂಡಿದ್ದರು. ಇದ್ದಿಲಿನವರನ್ನು ಅವರ ಊರಿಗೆ ಕರೆದುಕೊಂಡು ಹೋಗಿ, ತೋಪು ತೋರಿಸಿ ಬಂದವನು ಅವನೇ.