ಮೈನಸ್ ಇಪ್ಪತ್ತು

"ಕರಾವಳೀಲಿ ಬೆವರು ಒರೆಸ್ಕೊಂಡೇ ಬೆಳೆದವರು ನೀವು. ಆರ್ಕ್ಟಿಕ್ ಚಳಿ ತಡ್ಕೋತೀರೇನಮ್ಮ?" ಎಂದು ಸಂದರ್ಶನಕ್ಕೆ ಕೂತಿದ್ದ ಹಿರಿಯ ವಿಜ್ಞಾನಿ ನಕ್ಕರು.

"ನೋಡಿಯೇ ಬಿಡುವ ಸರ್," ಎಂದಳು ಸಂಶೋಧನೆಯ ಹುದ್ದೆ ಕೇಳಿ ಬಂದಿದ್ದ ಜಲಜಾಕ್ಷಿ.

ಧ್ರುವದಿಂದ ತಂದ ಹಿಮವನ್ನು ಕಾದಿಡುವ ಮೈನಸ್ ಇಪ್ಪತ್ತರ ಕೋಣೆಗೆ ಇಬ್ಬರೂ ದಪ್ಪ ಕೋಟು ತೊಟ್ಟು ಹೋದರು. ಹತ್ತೇ ನಿಮಿಷಕ್ಕೆ ವಿಜ್ಞಾನಿಯ ಹಲ್ಲು ಕಟಕಟ ಎಂದವು. ಹೊರಗೋಡಿ, ಬಾಗಿಲು ತೆರೆದು ಹಿಡಿದೇ ಕರೆದರು: "ಹಠ ಸಾಕು, ಬನ್ನಿ. ನಿಮ್ಮ ಕೈಲಾಗಲ್ಲ."

ಅವಳು ಕದಲಲಿಲ್ಲ.

"ಮೊದಲು ಬಾಗಿಲು ಹಾಕಿ ಸರ್, ಐಸ್ ಕರಗ್ತದೆ. ಬಂದರಿನ ಮೀನಿನ ಕೋಲ್ಡ್ ಸ್ಟೋರೇಜಲ್ಲಿ ಆರು ವರ್ಷ ದುಡಿದು ಓದಿದವಳು ನಾನು. ಹೀಗೆ ಬಾಗಿಲು ತೆರೆದಿಟ್ಟು ನಿಂತವರನ್ನು ಅಲ್ಲಿ ಮಾರನೇ ದಿನ ಕೆಲಸಕ್ಕೆ ಕರೀತಿರಲಿಲ್ಲ."